ಮೇಜಿನ ಕೆಳಗಿಂದ ಮಂತ್ರಿಗಳನ್ನು ಎತ್ತಿ ಹಿಡಿಯುವ ಮನೋರಮಾ

ಭಾನುವಾರ, ಬೆಳಗಿನ ಐದೂವರೆ. ಸಾಗರದ ಹಳೇ ಬೀದಿಯೊಂದರ ಬಚ್ಚಲುಮನೆಯಲ್ಲಿ ಏಳು ಮಂತ್ರಿಗಳು, ಮೂವರು ಸಿನಿಮಾ ನಾಯಕರು ಮತ್ತು ಒಬ್ಬ ಕ್ರಿಕೆಟ್ ಆಟಗಾರ ಒಲೆಯ ಮೇಲಿನ ಹಗ್ಗಕ್ಕೆ ತಲೆಕೆಳಗಾಗಿ ನೇತಾಡುತ್ತಿದ್ದಾರೆ. ಒಬ್ಬರದೂ ತಕರಾರಿಲ್ಲ. ಇಷ್ಟು ಮಂದಿ ಗಣ್ಯರನ್ನು ಒಂದೇ ಸೂರಿನಡಿ ಇಷ್ಟು ಹೊತ್ತು ಸುಮ್ಮನಿರಿಸಿದವರು ಮೂರು ಲೋಕದಲ್ಲೂ ಇನ್ನೊಬ್ಬರಿಲ್ಲ. ಬೇಕಾದರೆ ಸಭಾಧ್ಯಕ್ಷರುಗಳು ಬಂದು ಕಲಿತು ಹೋಗಲಿ. ಮನೋರಮಾ ಮಾತ್ರ ಅದೇನೂ ದೊಡ್ಡದಲ್ಲವೆಂಬಂತೆ ಒಬ್ಬೊಬ್ಬರ ಕೆನ್ನೆಯನ್ನೂ ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಒಣಗಿದವರನ್ನು ಬುಟ್ಟಿಗೆ ಇಳಿಸುತ್ತಿದ್ದಾರೆ.

“ಟಣ್ ಅಂದ್ರೆ ಒಣಗಿದೆ. ದಪ್ ಅಂದ್ರೆ ಇನ್ನೂ ಹಸಿ. ಮಳೆಗಾಲದಲ್ಲಿ ಬೆಂಕಿ ತೋರಿಸ್ದಿದ್ರೆ ಮಂತ್ರಿಗಳಿಗೂ ಬೂಷ್ಟು ಹಿಡಿಯುತ್ತೆ ಮಾರಾಯ್ರೆ.”

ಇವು ಅಡಿಕೆ ಹಾಳೆಯನ್ನು ನೆನೆಸಿ, ಅಚ್ಚಿಗೆ ಒತ್ತಿ ಮಾಡಿದ ಬೊಂಬೆತಲೆಗಳು. ಪ್ರತಿ ಭಾನುವಾರ ಹನ್ನೊಂದಕ್ಕೆ ಊರಿನ ಕೇಬಲ್ ವಾಹಿನಿಯಲ್ಲಿ ನೇರವಾಗಿ ಬರುವ ‘ಬೊಂಬೆ ಬೈಠಕ್’ ಎಂಬ ನಗೆ ಕಾರ್ಯಕ್ರಮದಲ್ಲಿ ಇವು ಬಾಯಿಬಿಡುತ್ತವೆ. ಆ ಇಪ್ಪತ್ತೆರಡು ನಿಮಿಷ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಎಮ್ಮೆಗಳು ಕೂಡ ಮೇಯುವುದನ್ನು ನಿಲ್ಲಿಸುತ್ತವೆ. ಬೊಂಬೆಗಳನ್ನು ಬಲ್ಲವರು ಲಕ್ಷ ಮಂದಿ. ಮೇಜಿನ ಕೆಳಗೆ, ಕರಿ ಬಟ್ಟೆಯ ಹಿಂದೆ ಮಂಡಿಯೂರಿ ಅವುಗಳನ್ನು ಆಡಿಸುವ ಐವತ್ತೆರಡರ ಮನೋರಮಾರನ್ನು ಬಲ್ಲವರು ಎಣಿಸಿ ನಾಲ್ವರು.

ಇವತ್ತಿನ ಭಾನುವಾರ ಮಾತ್ರ ಎಂದಿನದಲ್ಲ. ಬೈಠಕ್ಕಿನಲ್ಲಿ ವಾರವಾರವೂ ಪೆಟ್ಟು ತಿನ್ನುವ ಮಾಜಿ ಮಂತ್ರಿ ಮಹಾಗಣಪತಿಯವರು ತಮ್ಮ ಬೊಂಬೆಯ ಪಕ್ಕದಲ್ಲೇ ಕೂತು ಮಾತಾಡುತ್ತೇನೆಂದು ಹೇಳಿಕಳಿಸಿದ್ದಾರೆ. ಹಿಡಿಸಿದರೆ ನಡೆಯಲಿ, ಹಿಡಿಸದಿದ್ದರೆ ಇವತ್ತಿಗೇ ಕೊನೆ ಎಂದೂ ಸೇರಿಸಿದ್ದಾರೆ. ಸ್ಟುಡಿಯೋ ಇರುವುದು ಅವರ ಭಾವಮೈದುನನ ಕಟ್ಟಡದ ಮಹಡಿಯಲ್ಲಿ. ವಾಹಿನಿಯ ಯಜಮಾನ ಸುಬ್ಬಯ್ಯ ಮೂರು ದಿನದಿಂದ ಊಟ ಬಿಟ್ಟಿದ್ದಾರೆ. ಅವರು ಊಟ ಬಿಟ್ಟರೆ ಊರಿನ ಎರಡು ಹೋಟೆಲು ಮುಚ್ಚಬೇಕಾಗುತ್ತದೆ.

ಹೊಸನಗರದ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಮನೋರಮಾ ಹದಿನಾಲ್ಕು ವರ್ಷ ಹಾಳೆತಟ್ಟೆ ಒತ್ತುವ ಕಾರ್ಖಾನೆಯಲ್ಲಿ ದುಡಿದವರು. ಒಮ್ಮೆ ಸೊಟ್ಟಗೆ ಒತ್ತಿದ ತಟ್ಟೆಯೊಂದು ಥೇಟ್ ಒಬ್ಬ ನಟನ ಮುಖದಂತೆ ಬಂತು. ಬಿಸಾಡುವ ಬದಲು ಅದಕ್ಕೆ ಮೀಸೆ ಬರೆದು ಗೋಡೆಗೆ ನೇತುಹಾಕಿದರು. ತೀರ್ಥಹಳ್ಳಿ–ಸಾಗರ ಬಸ್ಸಿನ ಕಂಡಕ್ಟರ್ ದುರ್ಗೇಶ್ ಅದನ್ನು ನೋಡಿ ಅಲ್ಲೇ ಆ ನಟನ ದನಿ ತೆಗೆದ. ಬೈಠಕ್ ಹುಟ್ಟಿದ್ದು ಹಾಗೆ. ಈಗಲೂ ಮಾತು ದುರ್ಗೇಶನದು, ಮುಖ ಮತ್ತು ಕೈ ಮನೋರಮಾರದು. ಬಸ್ಸಿನಲ್ಲಿ ಜನ ಬೈದದ್ದನ್ನೇ ಆತ ಟಿಕೆಟ್ಟಿನ ಹಿಂದೆ ಬರೆದು ತರುತ್ತಾನೆ.

ಒಂಬತ್ತು ವರ್ಷ, ನಾನೂರಕ್ಕೂ ಮೀರಿದ ಕಂತು, ನಲವತ್ಮೂರು ತಲೆ. ಒಂದೊಂದರ ತೂಕ ನಾನೂರು ಗ್ರಾಮು, ಹದಿನೈದನೇ ನಿಮಿಷದ ಹೊತ್ತಿಗೆ ನಾಲ್ಕು ಕ್ವಿಂಟಾಲ್. ಮೂರನೇ ವರ್ಷ ಬಲಭುಜ ಹಿಡಿದುಕೊಂಡು, ಕೈಯನ್ನು ತಲೆಗಿಂತ ಮೇಲೆ ಎತ್ತಲೇಬಾರದೆಂದು ಡಾಕ್ಟರು ಹೇಳಿದರು. “ಅವ್ರು ಬಲಗೈ ಬಗ್ಗೆ ಹೇಳಿದ್ದು. ಎಡಗೈ ಬಗ್ಗೆ ಏನೂ ಹೇಳ್ಲಿಲ್ಲ” ಎನ್ನುತ್ತಾರೆ ಮನೋರಮಾ. ಆರೇ ವಾರದಲ್ಲಿ ಎಡಗೈಗೆ ಮಂತ್ರಿಮಂಡಲವನ್ನೆಲ್ಲ ಕಲಿಸಿಬಿಟ್ಟರು. ಕಾರ್ಯಕ್ರಮದ ಕೊನೆಯಲ್ಲಿ ಅವರ ಹೆಸರು ಬರುವುದಿಲ್ಲ. ಪಕ್ಕದ ಮನೆ ಶಾಂತಮ್ಮ ಪ್ರತಿ ಸೋಮವಾರ ಬೇಲಿಯ ಬಳಿ ಬಂದು ಹಿಂದಿನ ದಿನದ ಕಥೆಯನ್ನು ಇವರಿಗೇ ಹೇಳುತ್ತಾರೆ. ಇವರು ಹೊಸದಾಗಿ ಕೇಳಿದವರಂತೆ ನಗುತ್ತಾರೆ.

ಇಂಥ ಮನೋರಮಾ ಇವತ್ತೇ ಎಡವುತ್ತಾರೆ. ಹತ್ತು ತಲೆ ಬುಟ್ಟಿಗಿಳಿದಿವೆ. ಮಹಾಗಣಪತಿಯವರ ದವಡೆಗೆ ಹೊಸ ಅಂಟು ಹಾಕಿದ್ದರಿಂದ ಅದೊಂದನ್ನು ಇನ್ನಷ್ಟು ಹೊತ್ತು ಬಿಡುತ್ತಾರೆ. ಅಷ್ಟರಲ್ಲಿ ತಾಳಗುಪ್ಪ ರೈಲಿನಲ್ಲಿ ಬಂದ ಆರು ಮಂದಿ ನೆಂಟರು ಬಾಗಿಲಲ್ಲಿ. ಸಿಗಂದೂರಿಗೆ ಹೊರಟವರು, ಮಿಂದೇ ಹೋಗಬೇಕು. ದೇವಿಯ ದರ್ಶನಕ್ಕೆ ಹೊರಟವರಿಗೆ ಬಿಸಿನೀರಿಲ್ಲವೆನ್ನುವ ಬಾಯಿ ಈ ಸೀಮೆಯಲ್ಲಿ ಹುಟ್ಟಿಲ್ಲ. ಮನೋರಮಾ ಒಲೆಗೆ ಇನ್ನೆರಡು ಸೌದೆ ಕುಂಟೆ ಒಟ್ಟಿ ದೋಸೆ ಹುಯ್ಯಲು ಒಳಗೆ ಹೋಗುತ್ತಾರೆ. ಆರು ಸ್ನಾನ, ಒಂದೂವರೆ ಗಂಟೆ, ಮೋಡ ಇಳಿದಂಥ ಹಬೆ. ನೆನಪಾಗಿ ಓಡಿಬರುವಾಗ ಮಾಜಿ ಮಂತ್ರಿಗಳ ಕೆಳದವಡೆ ಮೆತ್ತಗಾಗಿದೆ, ತಲೆಯನ್ನು ನೆಟ್ಟಗೆ ಹಿಡಿದರೆ ಕತ್ತಿನವರೆಗೆ ಜೋತುಬೀಳುತ್ತದೆ. ಒಳಗೆ ಕೈ ತೂರಿಸಿ ಹೆಬ್ಬೆರಳು ಎತ್ತಿದರೆ ಬೆರಳೊಂದೇ ಮೇಲೆ ಬರುತ್ತದೆ, ಬಾಯಿ ಮುಚ್ಚುವುದಿಲ್ಲ.

“ಒಣಗ್ಸೋಕೆ ಆಗಲ್ವಾ ಮಾರಾಯ್ತಿ?” ಎಂದು ಸ್ಟುಡಿಯೋದಲ್ಲಿ ಸುಬ್ಬಯ್ಯ ತಲೆ ಹಿಡಿದುಕೊಳ್ಳುತ್ತಾರೆ.

“ಎರಡು ದಿನ ಬೇಕು.”

“ಎರಡು ದಿನ? ಅವ್ರ ಕಾರು ಕೆಳಗೆ ನಿಂತಿದೆ!”

“ಬಾಯಿ ಆಡ್ದೆ ನಾನೆಂಥ ಮಾತಾಡ್ಲಿ?” ಎನ್ನುತ್ತಾನೆ ದುರ್ಗೇಶ್.

“ನೀ ಇವತ್ತು ಸುಮ್ನಿರು. ಅವ್ರೇ ಮಾತಾಡ್ಲಿ. ನಾನು ಕೇಳಿಸ್ಕೊಳ್ತೀನಿ” ಎಂದು ಹೇಳಿ ಮನೋರಮಾ ಮೇಜಿನ ಕೆಳಗೆ ನುಸುಳುತ್ತಾರೆ.

ಕಾರ್ಯಕ್ರಮ ಶುರುವಾಗುತ್ತದೆ. ಮಾಜಿ ಮಂತ್ರಿಗಳು ಗಂಟಲು ಸರಿಮಾಡಿಕೊಂಡು, ಹನ್ನೆರಡು ನಿಮಿಷ ತಮ್ಮ ಸಾಧನೆಗಳನ್ನು ಎಣಿಸಿ, ಕೊನೆಗೆ ತಮ್ಮ ಕಾಲದಲ್ಲಿ ರಸ್ತೆಗಳಲ್ಲಿ ಒಂದೇ ಒಂದು ಗುಂಡಿ ಇರಲಿಲ್ಲ ಎನ್ನುತ್ತಾರೆ. ಪಕ್ಕದ ಬೊಂಬೆ ಮೆಲ್ಲಗೆ ಅವರತ್ತ ತಿರುಗಿ, ಅಗಲ ಬಾಯಿ ತೆರೆದುಕೊಂಡೇ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತದೆ. ಎದುರಿನ ಬೆಂಚುಗಳಲ್ಲಿದ್ದ ಐವತ್ತು ಮಂದಿ ನಕ್ಕ ಸದ್ದಿಗೆ ಶರಾವತಿ ಹಿನ್ನೀರಿನಲ್ಲಿ ಅಲೆ ಎದ್ದಿರಬೇಕು. ಮಂತ್ರಿಗಳು ಬೊಂಬೆಯತ್ತ ತಿರುಗುತ್ತಾರೆ. ಸುಬ್ಬಯ್ಯ ಕಣ್ಣು ಮುಚ್ಚುತ್ತಾರೆ.

“ಎಂಥದ? ಬಾಯಿ ಮುಚ್ಚು” ಎನ್ನುತ್ತಾರೆ ಮಹಾಗಣಪತಿ, ಬೊಂಬೆಗೆ.

ಮನೋರಮಾ ಕೆಳಗಿಂದ ಕಡ್ಡಿ ತಳ್ಳಿ ಬೊಂಬೆಯದೇ ಕೈಯಿಂದ ಅದರ ದವಡೆಯನ್ನು ಮೇಲೆತ್ತಿಸುತ್ತಾರೆ. ಕೈ ತೆಗೆದೊಡನೆ ಬಾಯಿ ಬೀಳುತ್ತದೆ. ಮತ್ತೆ ಎತ್ತಿಸುತ್ತಾರೆ, ಮತ್ತೆ ಬೀಳುತ್ತದೆ. ಮೂರನೆಯ ಸಲ ಬೊಂಬೆ ಸೋತು ಮಂತ್ರಿಗಳ ಮುಖವನ್ನೇ ನೋಡುತ್ತದೆ. ಕೆಳಗೆ ಮನೋರಮಾ ಎಡ ಮೊಣಕೈಯನ್ನು ಮೇಜಿನ ಕಾಲಿಗೆ ಒರಗಿಸುತ್ತಾರೆ.

ಆಮೇಲೆ ದೊಡ್ಡದೊಂದು ಕೈ ಬಂದು ಬೊಂಬೆಯ ಗದ್ದ ಹಿಡಿಯುತ್ತದೆ. “ಬಿಡಿ ಮಾರಾಯ್ರೆ, ಈ ಬಾಯಿ ಮುಚ್ಸೋಕೆ ನಮ್ಮನೆಯವಳಿಗೇ ಮೂವತ್ತೊಂದು ವರ್ಷದಿಂದ ಆಗ್ಲಿಲ್ಲ.”

ಮೊದಲು ನಕ್ಕವರು ಅವರೇ. ನಗುತ್ತಲೇ ಬಗ್ಗಿ ಕರಿ ಬಟ್ಟೆ ಸರಿಸುತ್ತಾರೆ. “ಅಯ್ಯೋ, ನೀವಾ ಅಮ್ಮ? ಯಾರೋ ಪಡ್ಡೆ ಹುಡುಗ್ರು ಅಂದ್ಕೊಂಡು ಇಷ್ಟು ವರ್ಷ ಬೈದಿದೀನಲ್ಲ!”

“ಇನ್ನೂ ಆರು ನಿಮಿಷ ಇದೆ ಸರ್. ಮೇಲೆ ನೋಡಿ, ಕ್ಯಾಮೆರಾ ಅಲ್ಲಿದೆ.”

ಆ ಆರು ನಿಮಿಷವೂ ಅವರು ಒಂದು ಕೈಯಲ್ಲಿ ತಮ್ಮದೇ ಬೊಂಬೆಯ ಗದ್ದ ಹಿಡಿದುಕೊಂಡು ಮಾತಾಡುತ್ತಾರೆ. ಮುಗಿದ ಮೇಲೆ ಸುಬ್ಬಯ್ಯನ ಬೆನ್ನಿಗೊಂದು ಗುದ್ದು: “ಮುಂದಿನ ವಾರಾನೂ ನಡೀಲಿ. ಭಾವಮೈದುನನಿಗೆ ನಾ ಹೇಳ್ತೀನಿ. ನೀ ಮೊದ್ಲು ಊಟ ಮಾಡು.” ಆಮೇಲೆ ಮನೋರಮಾರತ್ತ ತಿರುಗಿ, “ನಿಮಗೇನಾದ್ರೂ ಆಗ್ಬೇಕಾ? ಸಂಕೋಚ ಬೇಡ, ಕೇಳಿ” ಎನ್ನುತ್ತಾರೆ.

ಮನೋರಮಾ ಭುಜ ನೀವಿಕೊಳ್ಳುತ್ತಾ ಯೋಚಿಸುತ್ತಾರೆ.

“ಒಂಚೂರು ಆ ಕಡೆ ತಿರುಗಿ ಕೂತ್ಕೊಳಿ ಸರ್. ಟೀವೀಲಿ ಯಾವಾಗ್ಲೂ ನಿಮ್ಮ ಬಲಗಡೆನೇ ತೋರಿಸ್ತಾರೆ. ಎಡಗಡೆ ಕಿವಿ ನಾನು ಇಷ್ಟು ದಿನ ಅಂದಾಜಿನ ಮೇಲೆ ಮಾಡಿದ್ದು.”

ಮಾಜಿ ಮಂತ್ರಿಗಳು ಶಾಲೆಯ ಹುಡುಗನಂತೆ ಕಿಟಕಿಯತ್ತ ತಿರುಗಿ ಕೂರುತ್ತಾರೆ. ಮನೋರಮಾ ಬೊಂಬೆತಲೆಯನ್ನು ಅವರ ಕಿವಿಯ ಪಕ್ಕಕ್ಕೆ ಹಿಡಿದು, ಮೇಲಿನ ಮಡಿಕೆ ನೋಡುತ್ತಾರೆ, ಕೆಳಗಿನ ಹಾಲೆ ನೋಡುತ್ತಾರೆ, ಹಿಂದಕ್ಕೆ ಸರಿದು ಇನ್ನೊಮ್ಮೆ ನೋಡುತ್ತಾರೆ.

“ಸರಿಯಾಗೇ ಮಾಡಿದೀನಿ” ಎನ್ನುತ್ತಾರೆ.