ಎರಡು ಚೀಟಿ, ಒಂದೇ ಹೆಸರು

ಗೌರಮ್ಮನವರೇ, ಆ ದಿನ ಚೊಂಬಿನೊಳಗಿದ್ದ ಎರಡು ಚೀಟಿಗಳಲ್ಲಿ ಒಂದರಲ್ಲೂ ನಿಮ್ಮ ಹೆಸರಿರಲಿಲ್ಲ. ಎರಡರಲ್ಲೂ ಹಳೆಯ ಅಧ್ಯಕ್ಷರ ಹೆಸರೇ ಇತ್ತು. ಬರೆದವನು ನಾನು—ಚುನಾವಣಾಧಿಕಾರಿ.

ತೊಂಬತ್ತರ ದಶಕದ ಕೊನೆ. ಗುಬ್ಬಿ ತಾಲ್ಲೂಕಿನ ಸಂಘಗಳ ನೋಂದಣಿ, ವರ್ಷದ ಲೆಕ್ಕಪತ್ರ, ಚುನಾವಣೆ ಎಲ್ಲವೂ ನನ್ನ ಮೇಜಿಗೇ ಬರುತ್ತಿದ್ದವು. ಚುನಾವಣೆ ಎಂದರೆ ಮೈಯೆಲ್ಲಾ ಕಣ್ಣಾಗಿರುತ್ತಿದ್ದೆ. ಗಲಾಟೆಯಾದರೆ ಮೇಲಿನವರು ಕೇಳುತ್ತಾರೆ. ಲೆಕ್ಕಪತ್ರವನ್ನು ಯಾರು ಕೇಳುತ್ತಾರೆ? ಕಡಬದ ಪಕ್ಕದ ನಿಮ್ಮೂರಿನ ಹಾಲಿನ ಸಂಘದ ಲೆಕ್ಕಕ್ಕೆ ವರ್ಷವರ್ಷವೂ ಓದದೆಯೇ ಸಹಿ ಹಾಕಿದ್ದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ—ನನ್ನ ನೆಮ್ಮದಿ ಮೊದಲು.

ಅಧ್ಯಕ್ಷ ಸ್ಥಾನಕ್ಕೆ ನಿಮಗೂ ಹಳೆಯ ಅಧ್ಯಕ್ಷರಿಗೂ ನಿರ್ದೇಶಕರ ಮತ ಸಮಸಮವಾಯಿತು. ಹಾಗಾದಾಗ ಚೀಟಿ ಎತ್ತಬೇಕು. ನಾನು ಕಾಗದ ಹರಿಯುತ್ತಿದ್ದಾಗ ನೀವು ಹೇಳಿದಿರಿ: “ನಾನೇನಾದ್ರೂ ಬಂದ್ರೆ ಸಾರ್, ಮೊದ್ಲು ಹಳೇ ಲೆಕ್ಕ ಎಲ್ಲಾ ತೆಗಿಸ್ತೀನಿ.”

ನೀವು ಅಂದದ್ದು ಹಳೆಯ ಅಧ್ಯಕ್ಷರನ್ನು ಕುರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಆ ಲೆಕ್ಕ ತೆಗೆದರೆ ಮೊದಲು ಕಾಣುವುದು ನನ್ನ ಸಹಿ... ಯಾರೂ ನನಗೆ ಲಂಚ ಕೊಡಲಿಲ್ಲ, ಯಾರೂ ಫೋನ್ ಮಾಡಲಿಲ್ಲ. ಹೆದರಿಕೆಯೊಂದೇ ಸಾಕಾಯಿತು.

ಅದಕ್ಕಿಂತ ದೊಡ್ಡ ತಪ್ಪು—ಚೊಂಬನ್ನು ನಿಮ್ಮ ಮುಂದೆಯೇ ಹಿಡಿದದ್ದು. ಯಾರಿಗೂ ಅನುಮಾನ ಬರಬಾರದಲ್ಲ. “ನೀವೇ ಎತ್ತಿ ಅಮ್ಮಾ” ಎಂದೆ. ನಿಮ್ಮ ಕೈಗುಣ ಒಳ್ಳೆಯದು, ಊರಿನವರು ರಾಗಿ ಬಿತ್ತುವಾಗ ಮೊದಲ ಹಿಡಿ ನಿಮ್ಮಿಂದಲೇ ಹಾಕಿಸುತ್ತಾರೆ ಎಂದು ನಿಮ್ಮ ಕಡೆಯವರೊಬ್ಬರು ಹೆಮ್ಮೆಯಿಂದ ಹೇಳಿದರು. ನೀವು ಕಣ್ಣು ಮುಚ್ಚಿ ಎತ್ತಿ ಕೊಟ್ಟಿರಿ. ನಾನು ಗಟ್ಟಿಯಾಗಿ ಓದಿದೆ. “ದೇವ್ರು ಬ್ಯಾಡ ಅಂದವ್ನೆ, ಬುಡಿ ಸಾರ್” ಎಂದಿರಿ. ಉಳಿದ ಚೀಟಿಯನ್ನು ಯಾರೂ ಕೇಳಲಿಲ್ಲ. ಜೇಬಿನಲ್ಲಿಟ್ಟುಕೊಂಡು ಬಂದು ಗುಬ್ಬಿ ಬಸ್ ನಿಲ್ದಾಣದ ಚರಂಡಿಗೆ ಎಸೆದೆ.

ಆಮೇಲೆ ಮರೆತೆ—ಇಲ್ಲ, ಸುಳ್ಳು, ಮರೆಯಲಿಲ್ಲ. ನಿವೃತ್ತನಾಗಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದ ಮೇಲೆ, ಹೋದ ವರ್ಷ, ಪಕ್ಕದ ಮನೆಯ ಗೃಹಪ್ರವೇಶಕ್ಕೆ ನೀವು ಬಂದಿರಿ. ಅವರು ನಿಮ್ಮ ನೆಂಟರಂತೆ. ನನ್ನ ಗುರುತು ನಿಮಗೆ ಹತ್ತಲಿಲ್ಲ. ಹಾಲು ಉಕ್ಕಿಸಲು ಮನೆಯಾಕೆ ನಿಮ್ಮನ್ನು ಕರೆದಳು. ನೀವು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿರಿ.

“ಬ್ಯಾಡ ಕಣವ್ವಾ, ನನ್ ಕೈ ಚೆನ್ನಾಗಿಲ್ಲ. ಅವತ್ತು ಚೀಟಿ ಎತ್ವಾಗ ನನ್ ಹೆಸ್ರೇ ನನ್ ಕೈಗೆ ಬರ್ಲಿಲ್ಲ. ಆವತ್ತಿಂದ ಬಿತ್ನೆಗೂ ಕೈ ಹಾಕಿಲ್ಲ.”

ಅಲ್ಲೇ ಬಾಯಿ ತೆರೆಯಬೇಕಿತ್ತು. ತೆರೆದದ್ದು ಊಟದ ಹೊತ್ತಿಗೆ, ಹೋಳಿಗೆ ತಿನ್ನಲು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಕುರ್ಚಿ ತಪ್ಪಿಸಿದೆ ಎಂದುಕೊಂಡಿದ್ದೆ. ನಿಮ್ಮ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನೇ ತೆಗೆದುಬಿಟ್ಟಿದ್ದೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಈ ಸಲ ಬಿತ್ತನೆಗೆ ಮೊದಲು ನಿಮ್ಮೂರಿಗೆ ಬರುತ್ತೇನೆ. ಸಂಘಕ್ಕೆ ಹಾಲು ಹಾಕಲು ಜನ ಸೇರುವ ಹೊತ್ತಿಗೇ ಬಂದು, ಎಲ್ಲರೆದುರಿಗೆ ಹೇಳುತ್ತೇನೆ. ಅವರು ಏನು ಬೇಕಾದರೂ ಅನ್ನಲಿ.

ನಿಮ್ಮ ಹೆಸರು ಆ ಚೊಂಬಿನಲ್ಲಿ ಇರಲೇ ಇಲ್ಲ, ಗೌರಮ್ಮನವರೇ. ಇಲ್ಲದ್ದನ್ನು ಯಾವ ಕೈ ತಾನೇ ಎತ್ತೀತು?