ಮುತ್ತೈದೆಯ ಬೋಳು ತಲೆ

ಹದಿನೈದು ದಿನ ನನ್ನ ಮೂಗಿನಿಂದ ನೀರು ತೊಟ್ಟಿಕ್ಕಿತು. ಗಂಡನ ಬೈಕಿನ ಹಿಂದೆ ಕೂತು ಸಂಕೇಶ್ವರದಿಂದ ಕಣಗಲಾಕ್ಕೆ ಬರುವಾಗ ನಾಯಿ ಅಡ್ಡ ಬಂದು ಬಿದ್ದಿದ್ದೆವು. ನನ್ನ ಹಣೆ ರಸ್ತೆಗೆ ಬಡಿದಿತ್ತು. ಗಾಯಕ್ಕೆ ಹೊಲಿಗೆ ಹಾಕಿಸಿದೆವು. ಮೂಗಿನ ನೀರನ್ನು ನೆಗಡಿ ಎಂದುಕೊಂಡೆವು. ಅತ್ತೆ ಅಜವಾನದ ಹೊಗೆ ಹಾಕಿದರು, ಶುಂಠಿ ಕಷಾಯ ಕುಡಿಸಿದರು. ನಾನೂ ಸೆರಗಿನಿಂದ ಒರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಲೇ ಇದ್ದೆ. ಎಂಥ ದಡ್ಡಿ ನಾನು!

ತಲೆನೋವು ತಡೆಯಲಾಗದೆ ಬೆಳಗಾವಿಗೆ ಹೋದೆವು. ಅಲ್ಲಿನ ಡಾಕ್ಟರಬಾಯಿ ನನ್ನನ್ನು ಮುಂದಕ್ಕೆ ಬಾಗಿಸಿ, ಮೂಗಿನ ಹನಿಗಳನ್ನು ಸೀಸೆಯಲ್ಲಿ ಹಿಡಿದು ತಪಾಸಣೆಗೆ ಕಳಿಸಿದರು, ಸ್ಕ್ಯಾನ್ ಮಾಡಿಸಿದರು.

"ಇದು ನೆಗಡಿ ಅಲ್ರಿ, ಮಿದುಳಿನ ಸುತ್ತ ಇರೋ ನೀರು. ಮೂಗಿನ ಮ್ಯಾಲಿನ ಎಲುಬು ಸೀಳೈತಿ, ಪರದೆ ಹರದೈತಿ. ಹಂಗ ಬಿಟ್ರ ಮಿದುಳಿಗೆ ನಂಜು ಏರತೈತಿ, ಜೀವಕ್ಕ ಅಪಾಯ."

ಕಿವಿಯಿಂದ ಕಿವಿಯವರೆಗೆ ನೆತ್ತಿಯ ಮೇಲೆ ಕೊಯ್ದು, ಹಣೆಯ ಚರ್ಮ ಕೆಳಗೆ ಮಡಚಿ, ಎಲುಬು ತೆರೆದು, ನನ್ನದೇ ನೆತ್ತಿಯ ಪೊರೆಯಿಂದ ಹರಿದಲ್ಲಿ ತೇಪೆ ಹಾಕುತ್ತಾರಂತೆ. ಅದಕ್ಕೆ ಒಂದು ಪಟ್ಟಿಯಷ್ಟು ಕೂದಲು ಬೋಳಿಸಬೇಕು.

ಮಿದುಳಿನ ಮಾತಿಗೆ ಹೆದರದ ಅತ್ತೆ ಕೂದಲಿನ ಮಾತಿಗೆ ಎದ್ದು ನಿಂತರು. "ನನ್ನ ಮಗ ಗಟ್ಟಿಮುಟ್ಟ ಅದಾನ್ರಿ! ಮುತ್ತೈದಿ ತಲಿಗೆ ಕತ್ತಿ ಹಚ್ಚಂಗಿಲ್ಲ. ಗುಳಗಿ ಕೊಡ್ರಿ, ಸಾಕು."

ಗಂಡ ನೆಲ ನೋಡುತ್ತ, "ಅವ್ವ ಹೇಳೂದೂ ಖರೆ ಐತಿ" ಎಂದ.

ನನಗೆ ಮೈಯೆಲ್ಲ ಉರಿಯಿತು. ಸಾಯುವವಳು ನಾನು, ಅಪಶಕುನ ಇವರಿಗೆ!

"ಕಾಗದ ಕೊಡ್ರಿ, ಸಹಿ ನಾನ ಮಾಡ್ತೇನಿ" ಎಂದೆ. "ಪಟ್ಟಿ ಗಿಟ್ಟಿ ಬ್ಯಾಡ, ಪೂರ್ತಿ ಬೋಳಸ್ರಿ!"

ಬೋಳಿಸಿದರು. ಆಪರೇಷನ್ ಆಯಿತು, ನೀರು ನಿಂತಿತು. ಬಿದ್ದಾಗಿನಿಂದ ಹೋಗಿದ್ದ ವಾಸನೆಯ ಅರಿವು ಮಾತ್ರ ತಿರುಗಿ ಬರಲಿಲ್ಲ. ಒಗ್ಗರಣೆ ಸೀದರೂ ಕಣ್ಣಿನಿಂದಲೇ ನೋಡಿ ತಿಳಿಯಬೇಕು. ಹೋಗಲಿ, ಕಣ್ಣಿವೆಯಲ್ಲ.

ಮುಂದಿನ ತಿಂಗಳು ಓಣಿಯ ಒಂದು ಮನೆಯಲ್ಲಿ ಬಸುರಿಗೆ ಉಡಿ ತುಂಬುವ ಕಾರ್ಯವಿತ್ತು. ಸೆರಗು ಹೊದ್ದುಕೋ ಎಂದು ಅತ್ತೆ ಹೇಳಿದರು. ನಾನು ಹೊದೆಯಲಿಲ್ಲ. ಮನೆಯಾಕೆ ಎಲ್ಲರಿಗೂ ಕುಂಕುಮ ಹಚ್ಚುತ್ತ ಬಂದವಳು, ನನ್ನ ಬೋಳು ತಲೆ ಕಂಡದ್ದೇ ಬಟ್ಟಲು ಹಿಂದೆಳೆದು ಬಾಜೂದವಳ ಕಡೆ ತಿರುಗಿದಳು. ನಾನು ಕೈ ಚಾಚಿ, ಬಟ್ಟಲಿನಲ್ಲಿ ಬೆರಳದ್ದಿ, ಹಣೆತುಂಬ ಹಚ್ಚಿಕೊಂಡೆ.

ಅತ್ತೆ ನನ್ನ ಸೆರಗು ಜಗ್ಗಿದರು. "ಸುಮ್ನಿರ. ನಿನ್ನ ಗಂಡ ಅದಾನಂತ ಎಲ್ಲಾರಿಗೂ ಗೊತ್ತೈತಿ."

"ಗಂಡ ಅದಾನಂತ ಅಲ್ರಿ ಅತ್ತಿ" ಎಂದೆ, ಎಲ್ಲರಿಗೂ ಕೇಳುವಂತೆ. "ನಾ ಉಳದೇನಂತ ಹಚಗೊಂಡೇನಿ."