ಅಜ್ಜಿ ಸಮುದ್ರ ನೋಡಲು ಹೊರಟದ್ದು

ಆ ವರ್ಷ ನಾನು ಧರ್ಮಪುರಿಯ ಕಾಲೇಜಿಗೆ ಸೇರಿದ್ದೆ. ನಲ್ಲಂಪಳ್ಳಿಯ ಹತ್ತಿರದ ನಮ್ಮ ಊರಿನಿಂದ ದಿನವೂ ಬಸ್ಸು. ಯಾವ ಬಸ್ ತಪ್ಪಿತು, ಯಾವ ಕುರಿ ಮರಿ ಹಾಕಿತು, ಅಜ್ಜಿಗೆ ಎಷ್ಟು ಪುಟ ಓದಿ ಹೇಳಿದೆ ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಮನೆಮಾತು ಕನ್ನಡವಾದರೂ ಓದಿದ್ದು ತಮಿಳು ಶಾಲೆಯಲ್ಲಿ, ನನಗೆ ಕನ್ನಡದ ಅಕ್ಷರ ಬಂದದ್ದು ಆಮೇಲೆ. ಆಗ ಓದುತ್ತಿದ್ದುದು ರಾಮೇಶ್ವರ ಯಾತ್ರೆಯ ಒಂದು ತಮಿಳು ಪುಸ್ತಕ. ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಸಮುದ್ರದ ಪುಟವನ್ನು ಅಜ್ಜಿ ಮತ್ತೆ ಮತ್ತೆ ಓದಿಸುತ್ತಿದ್ದಳು.

"ಅಷ್ಟು ನೀರು ಒಂದೇ ಕಡೆ ಐತಾ?" ಎನ್ನುತ್ತಿದ್ದಳು. ಕುರಿಗಳಿಗೆ ನೀರು ಹುಡುಕಿಕೊಂಡೇ ಅವಳ ವಯಸ್ಸು ಕಳೆದಿತ್ತು.

ಅದಿಯಮಾನ್‌ಕೋಟೆಯಿಂದ ರಾಮೇಶ್ವರಕ್ಕೆ ಯಾತ್ರೆಯ ಬಸ್ಸು ಹೊರಡುತ್ತದೆಂದು ಕೇಳಿ ಅಜ್ಜಿ ನಮ್ಮಿಬ್ಬರಿಗೂ ಸೀಟು ಹೇಳಿಬಂದಳು. ಅಪ್ಪನಿಗೆ ಸಮಾಧಾನವಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅವಳಿಗೆ ಎದೆನೋವು ಬಂದಿತ್ತು. ದಾರಿಯಲ್ಲಿ ಏನಾದರೂ ಆದರೆ ಎಂದು ಹೊಲಕ್ಕೂ ಮನೆಗೂ ಸುಮ್ಮನೆ ತಿರುಗುತ್ತಿದ್ದ.

ದೂರ ಹೋಗುವವರು ಮೊದಲು ಮಾರಮ್ಮನಿಗೆ ಕುರಿ ಕೊಡುವುದು ನಮ್ಮಲ್ಲಿ ವಾಡಿಕೆ. ಕುರಿಯ ತಲೆಗೆ ಅರಿಸಿನದ ನೀರು ಹಾಕಿ ಕಾಯಬೇಕು. ಅದು ಮೈ ಕೊಡವಿದರೆ ದೇವಿ ಒಪ್ಪಿದಳೆಂದು ಅರ್ಥ. ಕೊಡವದಿದ್ದರೆ ಕಡಿಯುವಂತಿಲ್ಲ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಾರಮ್ಮನ ಗುಡಿಯ ಮುಂದೆ ಪೂಜಾರಿ ನೀರು ಹಾಕಿದ. ಕುರಿ ಕೊರಳಿನ ಮಾಲೆಯನ್ನು ತಿನ್ನತೊಡಗಿತು. ಮತ್ತೆ ಹಾಕಿದ. ಬಿಸಿಲು ಏರಿತು. ಮೂರನೆಯ ಸಲವೂ ಅದು ಅಲುಗಲಿಲ್ಲ.

"ಕಿವಿಯೊಳಕ್ಕೆ ಒಂದೀಟು ನೀರು ಬುಡಿ, ತಾನಾಗೇ ಕೊಡವ್ತೈತೆ" ಎಂದ ಚಿಕ್ಕಪ್ಪ.

"ನಿನ್ ಕಿವಿಗೆ ಬುಡ್ತೀನಿ ಬಾರ್ಲಾ. ನೀನೂ ಕೊಡವ್ತೀಯ" ಎಂದಳು ಅಜ್ಜಿ.

ಯಾರೋ ನಕ್ಕರು. ಅಪ್ಪ ನಗಲಿಲ್ಲ. "ಆಯ್ತು ಬುಡವ್ವ. ತಾಯಿ ಬ್ಯಾಡ ಅಂದ್ಲು. ಬಸ್ಸಿನವರಿಗೆ ಯೋಳ್ಬುಡ್ತೀನಿ."

"ಏನ್ ಬ್ಯಾಡ ಅಂದ್ಲು?"

"ನೀ ಓಗಬ್ಯಾಡ ಅಂತ."

"ಓಗ್ಲಾ ಅಂತ ನಾ ಎಲ್ಲಿ ಕೇಳ್ದೆ? ಈ ಕುರಿ ತಗತೀಯಾ ಅಂತ ಕೇಳ್ದೆ. ಬ್ಯಾಡ ಅಂದ್ಲು. ಅದು ಮಂದೆಗೆ ಓಗ್ಲಿ, ನಾ ಬಸ್ಸಿಗೆ ಓಗ್ತೀನಿ."

ಪೂಜಾರಿ ಅಪ್ಪನ ಮುಖ ನೋಡಿದ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಆ ದಿನ ಮನೆಯಲ್ಲಿ ಯಾರೂ ಒಂದು ಕಡೆ ಕೂರಲಿಲ್ಲ. ಅಜ್ಜಿ ಬುತ್ತಿಯ ಗಂಟು ಕಟ್ಟುವುದು, ಬಿಚ್ಚುವುದು. ಅಮ್ಮ ಅಜ್ಜಿಯ ಮಾತ್ರೆಗಳನ್ನು ಒಮ್ಮೆ ನನ್ನ ಚೀಲಕ್ಕೆ, ಒಮ್ಮೆ ಅವಳ ಚೀಲಕ್ಕೆ ಹಾಕುತ್ತಿದ್ದಳು. ನನಗೂ ಭಯವಿತ್ತು. ಅಜ್ಜಿಯ ಮಾತು ಸರಿಯೆಂದು ತೋರಿದ ಮರುಗಳಿಗೆಯೇ ಅಪ್ಪನದೇ ಸರಿಯೇನೋ ಅನ್ನಿಸುತ್ತಿತ್ತು. ಡೈರಿಯಲ್ಲಿ ಬಸ್ಸಿನ ಹೊತ್ತು ಮಾತ್ರ ಬರೆದೆ.

ಮರುದಿನ ಅಪ್ಪನೇ ಸೈಕಲ್ಲಿನಲ್ಲಿ ಚೀಲ ತಂದು ಬಸ್ಸಿಗೆ ಹಾಕಿದ. ಅಜ್ಜಿಯ ಜೊತೆ ಮಾತಾಡಲಿಲ್ಲ. ಕಿಟಕಿಯ ಹತ್ತಿರ ಬಂದು ನನಗೆ, "ಉಸಾರಾಗಿ ನೋಡ್ಕ" ಎಂದ.

ತೊಪ್ಪೂರಿನ ಘಾಟಿ ಇಳಿಯುವಾಗ ಪುಸ್ತಕ ತೆಗೆದೆ. ಅಜ್ಜಿ ಬೇಡವೆಂದು ಕೈ ತಳ್ಳಿದಳು.

"ನಿಜ ಯೋಳು ನನ್ ಕಣ್ಣೇ, ನಾ ತಾಯಿನ ಕೇಳಿದ್ದು ಕುರಿದೇ ಅಲ್ವಾ?"

"ಊಂ ಅಜ್ಜಿ. ಕುರಿದೇ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಸೇಲಂ ಬಂದರೂ ಬಿಡಲಿಲ್ಲ.